ಇನ್ನೊಬ್ಬರ ನಾಯಿ ಸಾಕುವ ಕೆಲಸಕ್ಕೆ ಸಾವಿರ ವರ್ಷದ ಇತಿಹಾಸ

ಹೋದ ಸುಗ್ಗಿ ಹೊತ್ತಿಗೆ ಧಾರವಾಡದ ಪಕ್ಕದ ನಮ್ಮ ಹಳ್ಳಿಯಲ್ಲಿ ಒಂದು ಪಂಚಾಯ್ತಿ ಆಯಿತು. ಕಟ್ಟೆಯ ಮೇಲಿನ ಪಂಚಾಯ್ತಿ ಅಲ್ಲ, ಮನೆಯ ಪಡಸಾಲೆಯದು. ನನಗೆ ತಮ್ಮನ ವರಸೆಯ ಹುಡುಗ ಒಬ್ಬ ಹುಬ್ಬಳ್ಳಿಯಲ್ಲಿ ನಾಯಿಗಳಿಗೆ ಟ್ರೇನಿಂಗ್ ಕೊಡುವವರ ಕೈಕೆಳಗೆ ಎರಡು ವರ್ಷ ದುಡಿದು ಊರಿಗೆ ಬಂದಿದ್ದ. ಹಿತ್ತಲಲ್ಲಿ ನಾಲ್ಕು ಸಣ್ಣ ಕೋಣೆ ಕಟ್ಟಿಸುತ್ತೇನೆ, ಪೇಟೆಯವರ ನಾಯಿಗಳನ್ನು ತಿಂಗಳೊಪ್ಪತ್ತು ಇಟ್ಟುಕೊಂಡು, ಕಲಿಸಿ, ವಾಪಸ್ ಕೊಡುತ್ತೇನೆ ಎಂದ.

ಅವರಪ್ಪ ನನಗೆ ಕಾಕಾ ಆಗಬೇಕು. ಅವರು ಕೇಳಿದ್ದು ಇಷ್ಟೇ: "ಎಮ್ಮಿ ಕಟ್ಟಂದ್ರ ಒಲ್ಲೆ ಅಂತಿ. ಮಂದಿ ನಾಯಿ ಹೇಲು ಬಳಿಯೋದು ಒಂದು ಉದ್ಯೋಗ ಏನಲೇ? ನಮ್ಮ ಕಡೆ ಹಿಂದ ಯಾರರ ಮಾಡ್ಯಾರೇನು?"

ಹುಡುಗ ನನ್ನ ಕಡೆ ತಿರುಗಿದ. "ಅಣ್ಣಾ, ನೀ ಪೇಪರಿಗೆ ಬರಿಯಾಂವ. ನೀನೇ ಹೇಳು."

ಆ ದಿನ ನಾನು ಚಹಾ ಕುಡಿದು ಎದ್ದು ಬಂದೆ. ಆದರೆ "ಹಿಂದ ಯಾರರ ಮಾಡ್ಯಾರೇನು" ಎಂಬ ಕಾಕಾನ ಪ್ರಶ್ನೆ ತಲೆಯಲ್ಲಿ ಉಳಿಯಿತು. ಅವರು ಬೈಯುವುದಕ್ಕೆ ಕೇಳಿದ್ದರು, ನಿಜ. ಆದರೂ ಅದು ಇತಿಹಾಸದ ಪ್ರಶ್ನೆ. ಹುಡುಕುತ್ತಾ ಹೋದಾಗ ಉತ್ತರ ಸಿಕ್ಕಿತು. ಮಾಡಿದ್ದಾರೆ. ಸಾವಿರ ವರ್ಷದಿಂದ ಮಾಡಿದ್ದಾರೆ. ಸಾಕಿಸಿಕೊಂಡವರ ಹೆಸರು ಉಳಿದಿದೆ, ಕೆಲವು ಕಡೆ ನಾಯಿಯ ಹೆಸರೂ ಉಳಿದಿದೆ. ಸಾಕಿ ಕಲಿಸಿದವರ ಹೆಸರು ಮಾತ್ರ ಎಲ್ಲೂ ಇಲ್ಲ.

ಮೊದಲು, ಈ ಕೆಲಸ ಏನು?

ಹುಬ್ಬಳ್ಳಿಯ ವಿದ್ಯಾನಗರ, ಕೇಶ್ವಾಪುರ, ಧಾರವಾಡದ ಮಾಳಮಡ್ಡಿ, ಸಪ್ತಾಪುರದ ಕಡೆ ಸಂಜೆ ಹೊತ್ತು ಓಡಾಡಿದರೆ ನಿಮಗೇ ಕಾಣುತ್ತದೆ. ಮನೆಗೊಂದು ಲ್ಯಾಬ್ರಡಾರೋ ಜರ್ಮನ್ ಶೆಫರ್ಡೋ ಇರುತ್ತದೆ. ಗಂಡ ಹೆಂಡತಿ ಇಬ್ಬರೂ ನೌಕರಿಗೆ ಹೋಗುತ್ತಾರೆ. ಮರಿ ಚಪ್ಪಲಿ ಕಡಿಯುತ್ತದೆ, ಒಳಗೇ ಉಚ್ಚೆ ಹೊಯ್ಯುತ್ತದೆ, ಬೆಲ್ಟ್ ಹಿಡಿದರೆ ಮನುಷ್ಯನನ್ನೇ ಎಳೆದುಕೊಂಡು ಹೋಗುತ್ತದೆ. ಕಲಿಸಲು ಅವರಿಗೆ ಪುರುಸೊತ್ತಿಲ್ಲ, ಗೊತ್ತೂ ಇಲ್ಲ.

ಅಂಥವರು ನಾಯಿಯನ್ನು ಕೆಲವು ವಾರ ಟ್ರೇನರ್ ಮನೆಯಲ್ಲಿ ಬಿಡುತ್ತಾರೆ. ಅಲ್ಲಿ ಅದಕ್ಕೆ ಊಟ, ನಿದ್ದೆ, ಓಡಾಟ, ಪಾಠ ಎಲ್ಲ ನಡೆಯುತ್ತದೆ. ಕರೆದರೆ ಬರುವುದು, ಕೂಡು ಎಂದರೆ ಕೂಡುವುದು, ಪಕ್ಕದಲ್ಲಿ ಸುಮ್ಮನೆ ನಡೆಯುವುದು, ಹೊರಗೆ ಹೋಗಿ ಶೌಚ ಮಾಡುವುದು ಕಲಿಯುತ್ತದೆ. ಕೊನೆಗೆ ಮಾಲೀಕರನ್ನೂ ಕರೆಸಿ ಅವರಿಗೂ ಎರಡು ಮೂರು ದಿನ ಪಾಠ ಮಾಡಬೇಕು. ಇಲ್ಲದಿದ್ದರೆ ನಾಯಿ ಟ್ರೇನರ್ ಮಾತು ಕೇಳುತ್ತದೆ, ಮಾಲೀಕರ ಮಾತು ಕೇಳುವುದಿಲ್ಲ.

ಇದು ಹೊಸದು ಅನ್ನಿಸುತ್ತದೆ. ಆದರೆ ಎಮ್ಮೆ ಕರು, ಆಡು, ಕುರಿಮರಿಯನ್ನು ಪಾಲಿಗೆ ಕೊಡುವುದು ನಮಗೆ ಹೊಸದಲ್ಲ. ಒಡೆಯ ಒಬ್ಬ, ಸಾಕುವವನು ಇನ್ನೊಬ್ಬ. ಅದರಲ್ಲಿ ಪತ್ರ ಇರುವುದಿಲ್ಲ, ನಂಬಿಕೆ ಇರುತ್ತದೆ. ನಾಯಿ ವಿಷಯದಲ್ಲೂ ನಮ್ಮ ನಾಡಿನಲ್ಲಿ ಅಂಥದ್ದೇ ನಡೆದು ಬಂದಿದೆ.

ಆತಕೂರಿನ ಕಾಳಿ

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಒಂದು ಕಲ್ಲು ಇದೆ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನಿಂದ ತಂದದ್ದು. ಕಲ್ಲಿನ ಮೇಲೆ ಒಂದು ನಾಯಿ ಮತ್ತು ಒಂದು ಹಂದಿ ಕಾದಾಡುವ ಚಿತ್ರ ಕೆತ್ತಿದ್ದಾರೆ. ಸುತ್ತ ಹಳಗನ್ನಡದ ಬರಹ. ಕಾಲ ಕ್ರಿ.ಶ. 949-50.

ಅದು ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲ. ಗಂಗರ ದೊರೆ ಇಮ್ಮಡಿ ಬೂತುಗ ಅವನ ಕಡೆ ನಿಂತು, ತಕ್ಕೋಲಂ ಎಂಬಲ್ಲಿ ಚೋಳರ ರಾಜಾದಿತ್ಯನ ಮೇಲೆ ಯುದ್ಧ ಮಾಡಿದ. ರಾಜಾದಿತ್ಯ ಸತ್ತ. ಆ ಯುದ್ಧದಲ್ಲಿ ಮಣಲೇರ ಎಂಬ ವೀರ ಚೆನ್ನಾಗಿ ಕಾದಿದ. ಒಡೆಯ ಮೆಚ್ಚಿ, ಬೇಕಾದ್ದು ಕೇಳು ಎಂದ. ಊರು ಕೇಳಬಹುದಿತ್ತು, ಬಂಗಾರ ಕೇಳಬಹುದಿತ್ತು. ಮಣಲೇರ ಕೇಳಿದ್ದು ಕಾಳಿ ಎಂಬ ಹೆಸರಿನ ಬೇಟೆನಾಯಿಯನ್ನು.

ಕೆಲವು ಕಾಲದ ಮೇಲೆ ಬೆಳತೂರಿನ ಪಡುವಲ ದಿಕ್ಕಿನ ದಿಬ್ಬದಲ್ಲಿ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ. ಆ ಕಲ್ಲಿನ ಪೂಜೆಗೆಂದು ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನೂ ಬಿಟ್ಟರು.

ಇಲ್ಲಿಯವರೆಗಿನ ಕಥೆ ಬಹಳ ಜನ ಬರೆದಿದ್ದಾರೆ. ನನಗೆ ಮುಖ್ಯ ಅನ್ನಿಸಿದ್ದು ಕೊನೆಯ ಸಾಲುಗಳು. ಆ ಭೂಮಿ ನೋಡಿಕೊಳ್ಳುವ ಗೊರವ, ಅಂದರೆ ಗುಡಿಯ ಶೈವ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಆ ನಾಯಿಯ ಪಾಪ ಅವನಿಗೆ ತಗಲುತ್ತದೆ ಎಂದು ಬರೆದಿದ್ದಾರೆ. ಭೂಮಿ ಕೆಡಿಸಿದವನಿಗೂ ಅದೇ ಶಾಪ.

ಸ್ವಲ್ಪ ಯೋಚನೆ ಮಾಡಿ. ನಾಯಿ ಗೊರವನದಲ್ಲ. ಸಾಕಿದ್ದು ಅವನಲ್ಲ, ಬೇಟೆಗೆ ಬಿಟ್ಟದ್ದೂ ಅವನಲ್ಲ. ಆದರೂ ಅದರ ಹೆಸರಿನ ಅನ್ನ ಉಣ್ಣುತ್ತಿದ್ದಾನೆ. ಹಾಗಾಗಿ ಮೊದಲು ಅದರ ಕೆಲಸ, ಆಮೇಲೆ ನಿನ್ನ ಊಟ. ಇನ್ನೊಬ್ಬರ ನಾಯಿಯಿಂದ ಹೊಟ್ಟೆ ಹೊರೆಯುವವನಿಗೆ ಇದಕ್ಕಿಂತ ಚೊಲೋ ನಿಯಮವನ್ನು ನಾನು ಬೇರೆಲ್ಲೂ ಓದಿಲ್ಲ.

ಗೊರವ ಎಂಬ ಮಾತು ನಮ್ಮ ಕಡೆಯವರಿಗೆ ಈಗಲೂ ಗೊತ್ತು. ಮೈಲಾರಲಿಂಗನ ಗೊರವಯ್ಯ ಕಂಬಳಿ ಅಂಗಿ ತೊಟ್ಟು ಡಮರು ಬಾರಿಸುತ್ತಾ ಬಾಗಿಲಿಗೆ ಬರುತ್ತಾರೆ. ಮೈಲಾರದಲ್ಲಿ, ದೇವರಗುಡ್ಡದಲ್ಲಿ ಗೊರವಯ್ಯಗಳು ನಾಯಿಯ ಹಾಗೆ ಬೊಗಳಿ ದೋಣಿಯಲ್ಲಿಟ್ಟ ಪ್ರಸಾದಕ್ಕೆ ಬಾಯಿ ಹಾಕುವುದನ್ನು ನೀವೂ ನೋಡಿರಬಹುದು. ದೇವರ ನಾಯಿ ಆಗುವುದು ಅಲ್ಲಿ ಅವಮಾನ ಅಲ್ಲ, ಹರಕೆ. ನಾಯಿ ಕೆಲಸ ಎಂದರೆ ಕೀಳು ಕೆಲಸ ಎನ್ನುವ ಬೈಗುಳ ಒಂದು ಕಡೆ, ಈ ಹರಕೆ ಇನ್ನೊಂದು ಕಡೆ. ಎರಡೂ ನಮ್ಮವೇ.

ಚಾಲುಕ್ಯ ದೊರೆ ಬರೆದ ನಾಯಿ ಪಾಠ

ಆತಕೂರು ದೂರದ ಊರು ಎನ್ನಬಹುದು. ನಮ್ಮ ಧಾರವಾಡ ಸೀಮೆಯನ್ನೇ ಆಳಿದವರು ಕಲ್ಯಾಣದ ಚಾಲುಕ್ಯರು. ಅವರಲ್ಲಿ ಮೂರನೇ ಸೋಮೇಶ್ವರ ಎಂಬ ದೊರೆ 12ನೇ ಶತಮಾನದ ಮೊದಲ ಭಾಗದಲ್ಲಿ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ಬರೆಸಿದ. ಅಡುಗೆ, ಆನೆ, ಕುದುರೆ, ಸಂಗೀತ, ಮೀನು ಹಿಡಿಯುವುದು, ಹೀಗೆ ಅರಸನೊಬ್ಬ ತಿಳಿಯಬೇಕಾದ್ದೆಲ್ಲ ಅದರಲ್ಲಿದೆ. ಬೇಟೆನಾಯಿಗಳಿಗೇ ಒಂದು ಭಾಗ ಇದೆ. ಸಂಸ್ಕೃತದಲ್ಲಿ ಸಾರಮೇಯ ಎಂದರೆ ನಾಯಿ. ಆ ಭಾಗದ ಹೆಸರು ಸಾರಮೇಯ ವಿನೋದ.

ಒಂಬೈನೂರು ವರ್ಷದ ಹಿಂದೆ ಕನ್ನಡ ನಾಡಿನ ದೊರೆಯೊಬ್ಬ ನಾಯಿಯ ವಿಷಯ ಪುಸ್ತಕಕ್ಕೆ ಸೇರಿಸಬೇಕಾದರೆ, ಅರಮನೆಯಲ್ಲಿ ಆ ವಿದ್ಯೆ ಬಲ್ಲವರು ಇದ್ದರು ಎಂದೇ ಅರ್ಥ. ಬೆಳಗಾಗೆದ್ದು ನಾಯಿಗೆ ಗಂಜಿ ಹಾಕಿದವನು ಸೋಮೇಶ್ವರ ಅಲ್ಲ. ಯಾವನೋ ಒಬ್ಬ ಆಳು. ಅವನಿಗೆ ಗೊತ್ತಿದ್ದದ್ದು ಪುಸ್ತಕಕ್ಕೆ ಬಂತು, ಅವನು ಬರಲಿಲ್ಲ.

ಬೇಡರ ಓಣಿ, ಕುರುಬರ ಹಟ್ಟಿ

ಅರಮನೆ ಬಿಟ್ಟು ಹಳ್ಳಿಗೆ ಬಂದರೆ ನಾಯಿ ಕಲಿಸುವ ವಿದ್ಯೆ ಎರಡು ಕಡೆ ಬೆಳೆದಿತ್ತು. ಒಂದು, ಬೇಟೆಯಾಡುವ ಬೇಡರು ಮತ್ತು ಅಲೆಮಾರಿ ಜನರಲ್ಲಿ. ಇನ್ನೊಂದು, ಕುರಿ ಕಾಯುವ ಕುರುಬರಲ್ಲಿ.

ಬೇಟೆನಾಯಿಗೆ ಮನುಷ್ಯ ಕಲಿಸುವುದಕ್ಕಿಂತ ಹೆಚ್ಚು ಹಳೆಯ ನಾಯಿ ಕಲಿಸುತ್ತದೆ. ಬಲಿತ ಮರಿಯನ್ನು ಅನುಭವ ಇರುವ ನಾಯಿಯ ಜೊತೆ ಬಿಡುತ್ತಾರೆ. ಅದು ಓಡಿದ ಕಡೆ ಇದು ಓಡುತ್ತದೆ. ಮೊಲ ಅಡ್ಡ ಹೊರಳಿದಾಗ ಹೇಗೆ ತಿರುಗಬೇಕು ಎಂದು ನೋಡಿ ಕಲಿಯುತ್ತದೆ. ಮನುಷ್ಯನ ಕೆಲಸ ಕೂಗು ಕಲಿಸುವುದು. ಹೋಗು ಎನ್ನುವ ಕೂಗು, ವಾಪಸ್ ಬಾ ಎನ್ನುವ ಕೂಗು.

ಕುರಿನಾಯಿಯ ಪಾಠ ಬೇರೆ. ಮರಿ ಕಣ್ಣು ಬಿಟ್ಟ ಮೇಲೆ ಅದನ್ನು ಕುರಿಗಳ ನಡುವೆಯೇ ಬೆಳೆಸುತ್ತಾರೆ. ಅದಕ್ಕೆ ಕುರಿಯೇ ಬಳಗ. ತೋಳ ಬಂದರೆ ತನ್ನ ಬಳಗಕ್ಕೆ ಬಂತು ಎಂದು ಮೈಮೇಲೆ ಬೀಳುತ್ತದೆ. ಇಂದಿನ ಟ್ರೇನರ್‌ಗಳು ಮರಿಯ ಮೊದಲ ಮೂರು ನಾಲ್ಕು ತಿಂಗಳು ಬಹಳ ಮುಖ್ಯ, ಆಗ ಕಂಡದ್ದನ್ನು ಅದು ಜೀವಮಾನ ಪೂರ್ತಿ ತನ್ನದು ಎಂದುಕೊಳ್ಳುತ್ತದೆ ಎನ್ನುತ್ತಾರಲ್ಲ, ಕುರುಬರು ಪುಸ್ತಕ ಓದದೆ ಅದನ್ನೇ ಮಾಡುತ್ತಿದ್ದರು.

ಬೇಡರ ವಿಷಯದಲ್ಲಿ ಚರಿತ್ರೆ ಕಠಿಣ ಆಯಿತು. 1857ರಲ್ಲಿ ಬ್ರಿಟಿಷರು ಎಲ್ಲರೂ ಆಯುಧ ಒಪ್ಪಿಸಬೇಕು ಎಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯೇ ಬದುಕಾದವರಿಗೆ ಆಯುಧ ಕೊಡುವುದೆಂದರೆ ಅನ್ನ ಕೊಟ್ಟಂತೆ. ಬ್ರಿಟಿಷ್ ಸೇನೆ ಊರಿಗೆ ಬೆಂಕಿ ಇಟ್ಟಿತು, ಹಲವರನ್ನು ಗಲ್ಲಿಗೇರಿಸಿತು. ಹಲಗಲಿ ಬೇಡರ ಲಾವಣಿ ನಮ್ಮ ಶಾಲೆಯ ಪುಸ್ತಕಗಳಿಗೂ ಬಂದಿದೆ. ಆಮೇಲೆ 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಬೇಟೆ ಅಪರಾಧವಾಯಿತು. ಕಾಡಿನ ಪ್ರಾಣಿಗಳಿಗೆ ಅದು ಬೇಕೇ ಇತ್ತು. ಆದರೆ ನಾಯಿ ಕಲಿಸುವ ಕೈಗಳಿಗೆ ಕೆಲಸ ಇಲ್ಲದಾಯಿತು.

ಮುಧೋಳದ ಅರಸ, ಮುಧೋಳದ ಮನೆಗಳು

ಮುಧೋಳ ರನ್ನ ಕವಿಯ ಊರು. ಈಗ ಬಾಗಲಕೋಟೆ ಜಿಲ್ಲೆಯ ತಾಲೂಕು. ಮೊದಲು ಘೋರ್ಪಡೆ ಮನೆತನದ ಸಣ್ಣ ಸಂಸ್ಥಾನ. 20ನೇ ಶತಮಾನದ ಆರಂಭದಲ್ಲಿ ಮಾಲೋಜಿರಾವ್ ಘೋರ್ಪಡೆ ಅಲ್ಲಿ ಅರಸರಾಗಿದ್ದರು. ತಮ್ಮ ಸೀಮೆಯ ಬೇಟೆಗಾರರ ಹತ್ತಿರ ಇದ್ದ ಉದ್ದ ಮೂತಿ, ಸಣ್ಣ ನಡು, ಉದ್ದ ಕಾಲಿನ ನಾಯಿಗಳು ಅವರ ಕಣ್ಣಿಗೆ ಬಿದ್ದವು. ಒಳ್ಳೆಯವನ್ನು ಆರಿಸಿ ತಳಿ ಕಾಪಾಡಿದರು. ಇಂಗ್ಲೆಂಡಿಗೆ ಹೋದಾಗ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಮರಿ ಉಡುಗೊರೆ ಕೊಟ್ಟರು, ಅಲ್ಲಿಂದ 'ಮುಧೋಳ ಹೌಂಡ್' ಎಂಬ ಹೆಸರು ಬಂತು ಎಂದು ಹೇಳುತ್ತಾರೆ.

ಅರಸರಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ಅವರು ಕಣ್ಣಿಡದಿದ್ದರೆ ಈ ತಳಿ ಬೀದಿ ನಾಯಿಗಳಲ್ಲಿ ಬೆರೆತು ಹೋಗುತ್ತಿತ್ತು. ಆದರೆ ಅವರ ಕೈಗೆ ಬರುವ ಮೊದಲು ಆ ನಾಯಿಯನ್ನು ನೂರಾರು ವರ್ಷ ಕಾಪಾಡಿದವರು ಯಾರು? ಓಟದಲ್ಲಿ ಗೆದ್ದ ಗಂಡಿಗೆ ಓಟದಲ್ಲಿ ಗೆದ್ದ ಹೆಣ್ಣನ್ನೇ ಕೂಡಿಸಿದವರು ಯಾರು? 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ಸೇರಿ ಹೋದ ಮೇಲೂ ತಳಿ ಉಳಿದದ್ದು ಮುಧೋಳ, ಲೋಕಾಪುರ ಸುತ್ತಲಿನ ಸಾಮಾನ್ಯ ಮನೆಗಳಲ್ಲಿ. ತಾವು ತಿನ್ನುವ ಜೋಳದ ನುಚ್ಚನ್ನೇ ಮರಿಗೂ ಹಾಕಿ ಬೆಳೆಸಿದ ಮನೆಗಳು ಅವು.

ನಾನು ಒಂದು ಸಲ ಆ ಕಡೆ ವರದಿಗೆ ಹೋಗಿದ್ದೆ. ಹೊಲದ ಮನೆಯೊಂದರಲ್ಲಿ ಒಬ್ಬ ಅಜ್ಜಿ ಮರಿಗಳ ಮುಂದೆ ಕೂತು ಒಂದೊಂದಕ್ಕೆ ಒಂದೊಂದು ತಟ್ಟೆ ಇಡುತ್ತಿದ್ದರು. "ಕೂಡಿ ಒಂದ ತಟ್ಟಿಗೆ ಹಾಕಿದ್ರ ಸೊಕ್ಕಿನ ಮರಿ ಉಂಡು ಉಬ್ಬತೈತಿ, ಸೌಮ್ಯ ಮರಿ ಉಪಾಸ ಬೀಳತೈತಿ. ಆಮ್ಯಾಲ ಅದು ಊಟಕ್ಕ ಕಡಿಯೋದು ಕಲೀತೈತಿ ನೋಡಪಾ" ಎಂದರು. ಊಟದ ತಟ್ಟೆಯಲ್ಲಿ ಜಗಳ ಕಲಿತ ನಾಯಿಯನ್ನು ಸರಿಮಾಡಲು ಪೇಟೆಯಲ್ಲಿ ಟ್ರೇನರ್‌ಗಳು ವಾರಗಟ್ಟಲೆ ಒದ್ದಾಡುತ್ತಾರೆ. ಅಜ್ಜಿ ಅದನ್ನು ಮೊದಲ ತಿಂಗಳಲ್ಲೇ ಮುಗಿಸಿದ್ದರು.

ಹೊರಗಿನ ದೇಶದಲ್ಲೂ ರೈತರ ಮನೆಯೇ ಶಾಲೆ

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಇಂಗ್ಲೆಂಡಿನ ಜಮೀನ್ದಾರರು ನರಿ ಬೇಟೆಗೆ ದೊಡ್ಡ ನಾಯಿ ಹಿಂಡು ಇಡುತ್ತಿದ್ದರು. ಮರಿಗಳು ಹಾಲು ಬಿಟ್ಟ ಮೇಲೆ ಅವನ್ನು ತಮ್ಮ ಒಕ್ಕಲು ರೈತರ ಮನೆಗೆ ಒಂದೊಂದು ಎರಡೆರಡು ಹಂಚುತ್ತಿದ್ದರು. ಮರಿ ಕೋಳಿ, ದನ, ಮಕ್ಕಳು, ಗಾಡಿ ಎಲ್ಲ ನೋಡುತ್ತಾ ಬೆಳೆಯಬೇಕು. ಬೆಳೆದ ಮೇಲೆ ದೊಡ್ಡವರ ನಾಯಿಮನೆಗೆ ವಾಪಸ್. ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿಗಳನ್ನು ತಯಾರು ಮಾಡುವ ಅಲ್ಲಿನ ಸಂಸ್ಥೆ 1956ರಲ್ಲಿ ಇದೇ ಪದ್ಧತಿ ಹಿಡಿಯಿತು. ಮರಿಗಳನ್ನು ಮೊದಲು ಸಾಮಾನ್ಯ ಮನೆಗಳಲ್ಲಿ ಬೆಳೆಸಿ, ಆಮೇಲೆ ಶಾಲೆಗೆ ತರುತ್ತಾರೆ. ಮನೆಯಲ್ಲಿ ಕಲಿತದ್ದನ್ನು ಕೆನಲ್‌ನಲ್ಲಿ ಕಲಿಸಲು ಆಗುವುದಿಲ್ಲ ಎಂದು ಅವರಿಗೆ ಗೊತ್ತಾಗಿತ್ತು.

ಇನ್ನೊಂದು ದಾರಿ ಸರ್ಕಾರದ್ದು. 1899ರಲ್ಲಿ ಬೆಲ್ಜಿಯಂ ದೇಶದ ಗೆಂಟ್ ನಗರದ ಪೊಲೀಸರು ರಾತ್ರಿ ಗಸ್ತಿಗೆ ನಾಯಿಗಳನ್ನು ತಯಾರು ಮಾಡಿದರು. ಅಲ್ಲಿಂದ ಜರ್ಮನಿಗೆ, ಆಮೇಲೆ ಮಹಾಯುದ್ಧಗಳಿಗೆ ಆ ವಿದ್ಯೆ ಹರಡಿತು. ಭಾರತದ ಸೇನೆ 1959ರಲ್ಲಿ ಮೀರತ್‌ನಲ್ಲಿ ನಾಯಿ ತರಬೇತಿ ಶುರು ಮಾಡಿತು. ಗಡಿ ಭದ್ರತಾ ಪಡೆ, ಅಂದರೆ ಬಿಎಸ್ಎಫ್, 1970ರಲ್ಲಿ ಗ್ವಾಲಿಯರ್ ಹತ್ತಿರದ ಟೇಕನ್‌ಪುರದಲ್ಲಿ ತನ್ನ ಶಾಲೆ ತೆರೆಯಿತು. ಅಲ್ಲಿ ಹೆಚ್ಚಾಗಿ ಕಲಿತದ್ದು ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ವಿದೇಶಿ ತಳಿಗಳು.

ನಮ್ಮ ನಾಯಿಗೆ ಕಲಿಯೋಕೆ ಬರಲ್ಲ ಅಂದಿದ್ದರು

ಮುಧೋಳ ನಾಯಿಯ ಬಗ್ಗೆ ಬಹಳ ವರ್ಷ ಒಂದು ಮಾತು ಇತ್ತು. ಓಡುತ್ತದೆ, ಆದರೆ ಮಾತು ಕೇಳುವುದಿಲ್ಲ. ನೋಡಿ ಅಟ್ಟಿಸುವ ನಾಯಿ ಅದು, ಮೂಸಿ ಹುಡುಕುವ ನಾಯಿ ಅಲ್ಲ. ಪೊಲೀಸ್ ಕೆಲಸಕ್ಕೆ ಬಾರದು. ಬೈದರೆ ಮುದುಡಿಕೊಳ್ಳುತ್ತದೆ, ಹೊಡೆದರೆ ಮನುಷ್ಯನ ಹತ್ತಿರ ಬರುವುದೇ ಇಲ್ಲ.

ಆಮೇಲೆ ಒಂದೊಂದಾಗಿ ಬದಲಾಯಿತು. 2005ರ ಜನವರಿಯಲ್ಲಿ ಅಂಚೆ ಇಲಾಖೆ ಭಾರತದ ನಾಯಿ ತಳಿಗಳ ಅಂಚೆಚೀಟಿ ತಂದಾಗ ಮುಧೋಳ ನಾಯಿಗೂ ಒಂದು ಚೀಟಿ ಬಂತು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ತೆರೆಯಿತು. 2016ರಲ್ಲಿ ಅಲ್ಲಿಂದ ಮರಿಗಳು ಮೀರತ್‌ಗೆ ಸೇನೆಯ ತರಬೇತಿಗೆ ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿ 'ಮನ್ ಕೀ ಬಾತ್'ನಲ್ಲಿ ಈ ತಳಿಯ ಹೆಸರು ಹೇಳಿದರು. ಅದಾದ ಮೇಲೆ ಮುಧೋಳ ಮರಿಗೆ ಎಲ್ಲ ಕಡೆಯಿಂದ ಫೋನ್ ಬರತೊಡಗಿತು.

ಎಲ್ಲಕ್ಕಿಂತ ದೊಡ್ಡ ಉತ್ತರ ಕೊಟ್ಟದ್ದು ರಿಯಾ ಎಂಬ ಹೆಣ್ಣು ನಾಯಿ. ಬಿಎಸ್ಎಫ್‌ನ ಈ ಮುಧೋಳ ಹೌಂಡ್ ಲಖನೌದಲ್ಲಿ ನಡೆದ 2024ರ ಅಖಿಲ ಭಾರತ ಪೊಲೀಸ್ ಡ್ಯೂಟಿ ಮೀಟ್‌ನಲ್ಲಿ 116 ವಿದೇಶಿ ತಳಿ ನಾಯಿಗಳನ್ನು ಹಿಂದೆ ಹಾಕಿ ಇಡೀ ಕೂಟದ ಅತ್ಯುತ್ತಮ ನಾಯಿ ಎನಿಸಿಕೊಂಡಿತು. ಅದು ಇನ್ನೂ ಯಾವ ವಿಭಾಗದಲ್ಲಿ ಗೆದ್ದಿತು ಗೊತ್ತೇ? ಟ್ರ್ಯಾಕರ್ ವಿಭಾಗದಲ್ಲಿ. ಅಂದರೆ ಮೂಸಿ ಜಾಡು ಹಿಡಿಯುವ ಕೆಲಸದಲ್ಲಿ. ಯಾವುದು ಅದಕ್ಕೆ ಬರುವುದೇ ಇಲ್ಲ ಎಂದಿದ್ದರೋ ಅದರಲ್ಲೇ.

ಕೊರತೆ ಇದ್ದದ್ದು ನಾಯಿಯಲ್ಲಿ ಅಲ್ಲ, ಕಲಿಸುವ ರೀತಿಯಲ್ಲಿ. ಜರ್ಮನ್ ಶೆಫರ್ಡ್‌ಗೆ ಹೊಂದುವ ಗದರಿಕೆ ಇದಕ್ಕೆ ಹೊಂದುವುದಿಲ್ಲ. ಇದರ ಚರ್ಮ ತೆಳು, ಮನಸ್ಸೂ ತೆಳು. ಹೊಟ್ಟೆ ತುಂಬ ಓಡಲು ಬಿಟ್ಟು, ಸಣ್ಣ ಪಾಠ ಹೇಳಿ, ಸರಿ ಮಾಡಿದ ಕೂಡಲೇ ಬಾಯಿಗೆ ತುತ್ತು ಕೊಟ್ಟು ಕಲಿಸಬೇಕು. ಹಾಗೆ ಕಲಿಸಿದವರು ಸಿಕ್ಕಾಗ ನಾಯಿ ಕಲಿಯಿತು.

ನನ್ನ ಮನೆಯ ನಾಯಿಯ ಕಥೆ

ಈಗ ಹುಬ್ಬಳ್ಳಿ-ಧಾರವಾಡಕ್ಕೆ ವಾಪಸ್ ಬರೋಣ. ಇಲ್ಲಿ ಒಂದು ಕಹಿ ಮಾತೂ ಹೇಳಬೇಕು.

ಮೂರು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಮದುವೆ ಇತ್ತು. ನಮ್ಮ ನಾಯಿಯನ್ನು ಒಬ್ಬರ ಹತ್ತಿರ ಹತ್ತು ದಿನ ಬಿಟ್ಟಿದ್ದೆ. ಫೋನಿನಲ್ಲಿ ದಿನಾ ಫೋಟೋ ಬರುತ್ತಿತ್ತು. ಕರೆತಂದಾಗ ನೋಡಿದರೆ ಕಿವಿ ತುಂಬ ಉಣ್ಣೆ, ಪಕ್ಕೆಲುಬು ಎಣಿಸಬಹುದಿತ್ತು. ದಿನಾ ಬಂದ ಫೋಟೋ ಎಲ್ಲ ಮೊದಲ ದಿನವೇ ತೆಗೆದಿಟ್ಟವು ಎಂದು ಆಮೇಲೆ ಗೊತ್ತಾಯಿತು. ಎಲ್ಲಕ್ಕಿಂತ ಬೇಜಾರಾದದ್ದು ಇನ್ನೊಂದಕ್ಕೆ. ನನ್ನ ಅವ್ವ ಅಂಗಳ ಗುಡಿಸಲು ಕಸಬರಿಗೆ ಎತ್ತಿದರೆ ನಾಯಿ ಮಂಚದ ಕೆಳಗೆ ಓಡಿ ಅಲ್ಲೇ ಉಚ್ಚೆ ಹೊಯ್ಯುತ್ತಿತ್ತು. ಮೊದಲು ಹಾಗೆ ಇರಲಿಲ್ಲ. ಆ ಹೆದರಿಕೆ ಬಿಡಲು ಆರು ತಿಂಗಳು ಹಿಡಿಯಿತು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ತಪ್ಪು ನನ್ನದೂ ಇತ್ತು. ನಾನು ಹೋಗಿ ಜಾಗ ನೋಡಿರಲಿಲ್ಲ. ನಾಯಿಗೆ ಬಾಯಿ ಇಲ್ಲ, ಚಾಡಿ ಹೇಳುವುದಿಲ್ಲ. ಈ ಕೆಲಸದ ದೊಡ್ಡ ಅಪಾಯ ಅದೇ. ಎಮ್ಮೆ ಪಾಲಿಗೆ ಕೊಟ್ಟರೆ ಹಾಲು ಕಡಿಮೆಯಾದರೆ ತಿಳಿಯುತ್ತದೆ. ನಾಯಿಗೆ ಹೊಡೆದು ಕಲಿಸಿದ್ದಾರೋ, ತುತ್ತು ಕೊಟ್ಟು ಕಲಿಸಿದ್ದಾರೋ ಎಂಬುದು ಮೊದಲ ದಿನ ಕಾಣುವುದಿಲ್ಲ. ಎರಡರಲ್ಲೂ ನಾಯಿ ಕೂಡು ಎಂದರೆ ಕೂಡುತ್ತದೆ.

ಆತಕೂರಿನ ಕಲ್ಲು ಬರೆಸಿದವರಿಗೆ ಈ ಅಪಾಯ ಗೊತ್ತಿತ್ತು. ಅದಕ್ಕೇ ಶಾಪ ಬರೆಸಿದರು. ಇಂದು ಶಾಪದ ಜಾಗದಲ್ಲಿ ಕಾನೂನು ಇದೆ. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದ್ದು. ಅದರ ಕೆಳಗೆ 2017ರಲ್ಲಿ ನಾಯಿ ತಳಿ ಬೆಳೆಸುವ ಮತ್ತು ಮಾರುವ ನಿಯಮ ಬಂದವು. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು, ಎಂಟು ವಾರ ತುಂಬದ ಮರಿ ಮಾರಬಾರದು ಎಂದೆಲ್ಲ ಅದರಲ್ಲಿದೆ. ನಾಯಿಗಳನ್ನು ಬೋರ್ಡಿಂಗ್ ಇಟ್ಟುಕೊಳ್ಳುವವರನ್ನೂ ಆ ನಿಯಮ ಲೆಕ್ಕಕ್ಕೆ ಹಿಡಿದಿದೆ. ಮನೆಯ ಹಿತ್ತಲಲ್ಲಿ ಮಾಡುತ್ತೇನೆ, ನನಗೆ ಯಾವ ಕಾಗದ ಬೇಕು ಎನ್ನುವಂತಿಲ್ಲ.

ಮಾಡುವವರಿಗೆ, ಬಿಡುವವರಿಗೆ

ಈ ಕೆಲಸಕ್ಕೆ ಹಳ್ಳಿಯ ಹುಡುಗರಿಗೆ ಪೇಟೆಯವರಿಗಿಂತ ಹೆಚ್ಚು ಅನುಕೂಲ ಇದೆ. ಜಾಗ ಇದೆ, ಓಡಿಸಲು ಹೊಲ ಇದೆ, ಸದ್ದಿಗೆ ಬೈಯುವ ನೆರೆಯವರು ಕಡಿಮೆ. ದನಕರು ಸಾಕಿದ ಕಣ್ಣು ಇದೆ. ಮೇವು ಬಿಟ್ಟ ದನವನ್ನು ದೂರದಿಂದ ಗುರುತಿಸುವವನು ಊಟ ಬಿಟ್ಟ ನಾಯಿಯನ್ನೂ ಗುರುತಿಸುತ್ತಾನೆ.

ಆದರೆ ಕೆಲವು ಕಟ್ಟುನಿಟ್ಟು ಬೇಕು. ಹುಚ್ಚುನಾಯಿ ರೋಗದ ಲಸಿಕೆ, ಪಾರ್ವೋ ಲಸಿಕೆ ಹಾಕಿಸಿದ ಚೀಟಿ ಇಲ್ಲದ ನಾಯಿಯನ್ನು ಒಳಗೆ ಬಿಡಬಾರದು. ಒಂದಕ್ಕೆ ಪಾರ್ವೋ ಬಂದರೆ ಉಳಿದ ಮರಿಗಳೂ ಹೋಗುತ್ತವೆ. ಹೊಸದಾಗಿ ಬಂದ ನಾಯಿಯನ್ನು ಕೆಲವು ದಿನ ಬೇರೆ ಇಡಬೇಕು. ಬೆದೆಗೆ ಬಂದ ಹೆಣ್ಣನ್ನು ಗಂಡಿನ ಜೊತೆ ಇಡಬಾರದು. ಎಷ್ಟು ಕೈ ಇದೆಯೋ ಅಷ್ಟೇ ನಾಯಿ. ಒಬ್ಬನೇ ಇದ್ದು ಹತ್ತು ನಾಯಿ ಕೂಡಿ ಹಾಕಿದರೆ ಅದು ಕಲಿಸುವ ಮನೆ ಅಲ್ಲ, ಕೊಂಡವಾಡೆ. ಊರಿನ ದನದ ದವಾಖಾನೆಯ ಡಾಕ್ಟರ್ ನಂಬರ್ ಗೋಡೆಯ ಮೇಲೆ ಇರಬೇಕು. ಬರುವಾಗ ಎಷ್ಟು ತೂಕ, ಹೋಗುವಾಗ ಎಷ್ಟು ತೂಕ ಎಂದು ಬರೆದಿಟ್ಟು ಮಾಲೀಕರ ಸಹಿ ಹಾಕಿಸಿಕೊಳ್ಳಬೇಕು. ತೂಕದ ಲೆಕ್ಕ ಸುಳ್ಳು ಹೇಳುವುದಿಲ್ಲ.

ನಾಯಿ ಬಿಡುವವರೂ ಒಂದು ಮಾತು ನೆನಪಿಡಿ. ಜಾಗ ನೋಡದೆ ಬಿಡಬೇಡಿ. ನಡುವೆ ಒಂದು ದಿನ ಹೇಳದೆ ಹೋಗಿ. ನಾಯಿ ಕಲಿಸುವವನನ್ನು ಕಂಡು ಬಾಲ ಆಡಿಸುತ್ತದೋ, ಬಾಲ ಒಳಗೆ ಹಾಕುತ್ತದೋ ನೋಡಿ. ಅಷ್ಟು ಸಾಕು. ಆಮೇಲೆ ಅವನ ದುಡಿಮೆಗೆ ಚೌಕಾಸಿ ಮಾಡಬೇಡಿ. ಬೆಳಗಿನ ಐದಕ್ಕೆ ಎದ್ದು, ಹಬ್ಬ ಹುಣ್ಣಿವೆಗೂ ಮನೆ ಬಿಡದೆ ಮಾಡುವ ಕೆಲಸ ಅದು.

ಕಾಕಾನಿಗೆ ಉತ್ತರ

ಇಷ್ಟೆಲ್ಲ ಓದಿಕೊಂಡು ಕಾಕಾನ ಮನೆಗೆ ಹೋದೆ. ಫೋನಿನಲ್ಲಿ ಆತಕೂರಿನ ಕಲ್ಲಿನ ಚಿತ್ರ ತೋರಿಸಿದೆ. ನಾಯಿ ಯಾವುದು, ಹಂದಿ ಯಾವುದು ಎಂದು ಕಾಕಾ ಕನ್ನಡಕ ಏರಿಸಿ ನೋಡಿದರು. ಗೊರವನ ಕಥೆ ಹೇಳಿದೆ. ಮುಧೋಳದ ಅಜ್ಜಿಯ ಕಥೆ ಹೇಳಿದೆ. ರಿಯಾ ಗೆದ್ದದ್ದು ಹೇಳಿದೆ.

"ಹಂಗಾರ ಹಿಂದ ಮಾಡ್ಯಾರ" ಎಂದರು.

"ಮಾಡ್ಯಾರ ಕಾಕಾ. ಹೆಸರು ಬರ್ಕೊಂಡಿಲ್ಲ ಅಷ್ಟೇ."

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮಗನನ್ನು ಕರೆದು ಒಂದೇ ಷರತ್ತು ಹಾಕಿದರು. "ಮಂದಿ ನಾಯಿ ಉಂಡ ಮ್ಯಾಲ ನೀ ಉಣ್ಣಬೇಕು. ಅದಕ್ಕಿಂತ ಮೊದಲ ತಾಟಿಗೆ ಕೈ ಹಚ್ಚಿದಿ ಅಂದ್ರ ಕೋಣಿ ನಾನಽ ಕೆಡವತೀನಿ."

ಆತಕೂರಿನ ಕಲ್ಲಿನಲ್ಲಿ ಇರುವುದೂ ಇದೇ ಷರತ್ತು. ಕಾಕಾ ಅದನ್ನು ನಮ್ಮ ಭಾಷೆಯಲ್ಲಿ ಹೇಳಿದರು.

ಈಗ ಹಿತ್ತಲಲ್ಲಿ ಎರಡು ಕೋಣೆ ಎದ್ದಿವೆ. ಇನ್ನೆರಡಕ್ಕೆ ದುಡ್ಡು ಹೊಂದಿಸುತ್ತಿದ್ದಾನೆ. ನೋಂದಣಿಯ ಕಾಗದಕ್ಕೆ ಓಡಾಡುತ್ತಿದ್ದಾನೆ. ಬೋರ್ಡಿನಲ್ಲಿ ಏನು ಬರೆಸಲಿ ಅಣ್ಣಾ ಎಂದು ಕೇಳಿದ. ಏನಾದರೂ ಬರೆಸು, ಕೆಳಗೆ ನಿನ್ನ ಹೆಸರು ಮಾತ್ರ ದೊಡ್ಡದಾಗಿ ಬರೆಸು ಎಂದೆ.